ನಾಗಸಂದ್ರದ ಸಿಯೋಲ್ ಸ್ಟಾರ್

ಕೊರಿಯಾ ದೇಶದ ಕುಣಿತವನ್ನು ನಾಗಸಂದ್ರದಲ್ಲಿ, ಅದೂ ಕಬ್ಬಿಣದ ಸಾಮಾನಿಗೆ ಪೌಡರ್ ಕೋಟಿಂಗ್ ಬಣ್ಣ ಹಾಕುತ್ತಿದ್ದ ಹಳೇ ಶೆಡ್ಡಿನಲ್ಲಿ ತಯಾರು ಮಾಡಬಹುದೆಂದು ಕಂಡುಹಿಡಿದ ಮಹಾನುಭಾವರು ಲಕ್ಷ್ಮಯ್ಯನವರು. ನಗಬೇಡಿ. ಮೆಟ್ರೊ ರೈಲು ನಾಗಸಂದ್ರಕ್ಕೆ ಬಂದ ವರ್ಷ ಶುರುವಾದ ಅವರ 'ಸಿಯೋಲ್ ಸ್ಟಾರ್ ಎಂಟರ್‌ಟೈನ್‌ಮೆಂಟ್' ನೋಡನೋಡುತ್ತಿದ್ದಂತೆ ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಹೆಸರು ಮಾಡಿತು. ಆದರೆ ಈ ಕಥೆ ಲಕ್ಷ್ಮಯ್ಯನವರದಲ್ಲ. ತಮ್ಮ ಕಥೆಯನ್ನು ಅವರೇ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗುತ್ತಾರೆ, ಬೇರೆಯವರು ಬಾಯಿ ನೋಯಿಸಿಕೊಳ್ಳಬೇಕಿಲ್ಲ. ಇದು ಅವರ ಕಂಪನಿಯಲ್ಲಿ ಕುಣಿಯಲು ಬಂದ ದಾನೇಶ್ವರಿಯ ಕಥೆ.

ದಾನೇಶ್ವರಿ ಕುಷ್ಟಗಿ ಕಡೆಯ ಹುಡುಗಿ. ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಚೆಕ್ಕಿಂಗ್ ಕೆಲಸ, ಅಂದರೆ ಹೊಲಿದು ಮುಗಿದ ಅಂಗಿಯನ್ನು ತಿರುವಿ ಮುರುವಿ ನೋಡಿ ತಪ್ಪು ಹುಡುಕುವುದು. ಅವಳ ಜೊತೆ ಒಂದೇ ಬಾಡಿಗೆ ರೂಮಿನಲ್ಲಿದ್ದ ಊರಿನ ಗೆಳತಿ ಮಲಕವ್ವ ಅಲ್ಲೇ ಟೈಲರ್, ಕಾಲರ್ ಹೊಲಿಯುತ್ತಿದ್ದಳು. ಕಾಲರ್ ಎಂದರೆ ಬರೀ ಕಾಲರ್. ಗಾರ್ಮೆಂಟ್ಸಿನ ಲೈನಿನಲ್ಲಿ ಒಬ್ಬಳು ಕಾಲರ್, ಒಬ್ಬಳು ತೋಳು, ಇನ್ನೊಬ್ಬಳು ಜೇಬು. ಇಡೀ ಅಂಗಿ ಹೊಲಿಯಲು ಅಲ್ಲಿ ಯಾರಿಗೂ ಬರುವುದಿಲ್ಲ, ಬರಬೇಕೆಂದು ಯಾರೂ ಕೇಳುವುದೂ ಇಲ್ಲ. ಆದರೂ ಸಂಜೆಗೆ ಲಾರಿ ತುಂಬ ಅಂಗಿ ಹೋಗುತ್ತದೆ.

ದಾನೇಶ್ವರಿಗೆ ಇದ್ದದ್ದು ಒಂದೇ ಹುಚ್ಚು, ಕುಣಿತದ್ದು. ಊರಿನ ಶಾಲೆಯ ಗ್ಯಾದರಿಂಗಿನಲ್ಲಿ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡು ಸ್ಟೇಜು ಹತ್ತಿದ್ದಳು. ಹಾಡು ಅರ್ಧಕ್ಕೆ ಬಂದಿತ್ತು, ಕರೆಂಟು ಹೋಯಿತು. ಕರೆಂಟು ಬಂದ ಮೇಲೆ ಮಾಸ್ತರರು, "ಇರ್ಲಿ ಬಿಡ್ರಿ, ಮುಂದಿನ ಐಟಮ್ ಕರೀರಿ" ಎಂದರು. ಅವತ್ತು ಅವಳು ಅತ್ತ ಅಳು ಇಡೀ ಓಣಿಗೆ ಕೇಳಿಸಿತ್ತಂತೆ. ಒಂದು ಹಾಡಿಗೆ, ಒಂದೇ ಒಂದಕ್ಕೆ, ಜನರ ಮುಂದೆ ಶುರುವಿನಿಂದ ಕೊನೆತನಕ ಕುಣಿಯಬೇಕು ಎಂಬ ಆಸೆ ಅಂದು ಹೊಟ್ಟೆಯೊಳಗೆ ಹೊಕ್ಕಿದ್ದು ಬೆಂಗಳೂರಿಗೂ ಜೊತೆಗೇ ಬಂತು.

ಲಕ್ಷ್ಮಯ್ಯನವರು ಅದೇ ಗಾರ್ಮೆಂಟ್ಸಿನಲ್ಲಿ ಫ್ಲೋರ್ ಇನ್‌ಚಾರ್ಜ್. ನಾಗಸಂದ್ರದ ಹಳೇ ಮನೆತನ, ಬಿಳಿ ಅಂಗಿ, ಕೊರಳಲ್ಲಿ ಸೀಟಿ. ಒಮ್ಮೆ ಕೊರಿಯಾದಿಂದ ಬಟ್ಟೆ ಕೊಳ್ಳುವವರು ಬಂದಾಗ, ಅವರೊಂದಿಗಿದ್ದ ಹುಡುಗಿ ಊಟದ ಹೊತ್ತಿನಲ್ಲಿ ತನ್ನ ಫೋನಿನಲ್ಲಿ ಅವರ ದೇಶದ ಕುಣಿತ ತೋರಿಸಿದಳು. ಒಂಬತ್ತು ಹತ್ತು ಹುಡುಗಿಯರು, ಒಂದೇ ಅಳತೆ, ಒಂದೇ ತಿರುವು. ಲಕ್ಷ್ಮಯ್ಯನವರು ಬಾಯಿಗಿಟ್ಟ ತುತ್ತು ನುಂಗಲಿಲ್ಲ.

"ಒಂದ್ ಪೀಸೂ ರಿಜೆಕ್ಟ್ ಇಲ್ವಲ್ರೀ!" ಎಂದರು.

ಕಲೆಯ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಆಮೇಲೆ ಆಡಿದ್ದೆಲ್ಲ ಅದರದೇ ವಿಸ್ತರಣೆ. ತಿಂಗಳೊಳಗೆ ಕೆಲಸ ಬಿಟ್ಟರು, ಶೆಡ್ಡಿನ ಗೋಡೆಗೆ ಗುಲಾಬಿ ಬಣ್ಣ ಬಳಿಸಿದರು, ಕನ್ನಡಿ ಹಾಕಿಸಿದರು, ಶಿಫ್ಟು ಮುಗಿಸಿ ಬರುವ ಹುಡುಗಿಯರನ್ನು ಗೇಟಿನಲ್ಲೇ ಹಿಡಿದು ಸೇರಿಸಿಕೊಂಡರು. ಆಯುಧಪೂಜೆಯಲ್ಲಿ ಸ್ಪೀಕರಿಗೆ ಅರಿಶಿನ ಕುಂಕುಮ ಹಚ್ಚಿ ಬಾಳೆಕಂದು ಕಟ್ಟಿದರು. ಸಿಯೋಲ್ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಜಾಲಹಳ್ಳಿ ಕ್ರಾಸಿನ ಕಡೆಗೆ ಕೈ ತೋರಿಸುವಷ್ಟು ಧೈರ್ಯವಿತ್ತು.

ಬೇರೆ ಡ್ಯಾನ್ಸ್ ಕ್ಲಾಸಿನವರು ಒಂದು ಹಾಡು ಕಲಿಸಲು ತಿಂಗಳು ತೆಗೆದುಕೊಂಡರೆ ಸಿಯೋಲ್ ಸ್ಟಾರಿನಲ್ಲಿ ಎರಡೇ ಸಂಜೆ ಸಾಕಿತ್ತು. ಗುಟ್ಟೇನು? ಲೈನು! ಲಕ್ಷ್ಮಯ್ಯನವರು ಹಾಡನ್ನು ಬಟ್ಟೆಯ ಹಾಗೆ ಕತ್ತರಿಸಿ ತುಂಡು ತುಂಡು ಹಂಚಿಬಿಟ್ಟಿದ್ದರು. ಮಲಕವ್ವ ಮತ್ತು ಭಾಗ್ಯಶ್ರೀ ಎಂಬ ಹುಡುಗಿ ಎಡಗಡೆಯಿಂದ ಮುಂದೆ ಬಂದು ತಮ್ಮ ತುಂಡು ಕುಣಿದು ಬಲಕ್ಕೆ ಸರಿಯಬೇಕು, ಅಷ್ಟರಲ್ಲಿ ಮುಂದಿನ ಜೋಡಿ ಬರಬೇಕು. ತುಂಡು ಮುಗಿದವರು ಹಿಂದೆ ನಿಂತು ಸುಮ್ಮನೆ ಕೈ ಬೀಸುತ್ತಿರಬೇಕು. ನೋಡುವವರಿಗೆ ಮಾತ್ರ ಸ್ಟೇಜಿನ ತುಂಬ ಮಿಂಚು ಹರಿದಾಡಿದಂತೆ. ಯಾರಾದರೂ ಪಕ್ಕದವಳ ಹೆಜ್ಜೆ ಹಾಕಿದರೋ, ಲಕ್ಷ್ಮಯ್ಯನವರು ಸೀಟಿ ಊದುತ್ತಿದ್ದರು.

ದಾನೇಶ್ವರಿಗೆ ಸಿಕ್ಕಿದ್ದು ಕಟ್ಟಕಡೆಯ ತುಂಡು: ಓಡಿ ಬಂದು, ಒಂದು ಸುತ್ತು ತಿರುಗಿ, ಸೊಂಟಕ್ಕೆ ಕೈಯಿಟ್ಟು ನಿಲ್ಲುವುದು. ಮೊದಲ ದಿನವೇ ಕೇಳಿದಳು.

"ಸರ, ನಾ ಪೂರ್ತಿ ಹಾಡು ಕಲೀಲೇನ್ರಿ?"

"ಯಾಕಮ್ಮಾ? ನಿನ್ ತುಂಡು ಚೆನ್ನಾಗ್ ಬರಲ್ವಾ?"

"ಬರತೈತ್ರಿ."

"ಬಂದ್ರೆ ಸಾಕಲ್ಲ. ಎಲ್ರೂ ಎಲ್ಲಾ ಮಾಡಕ್ ಹೊಂಟ್ರೆ ಪ್ರೊಡಕ್ಷನ್ ಏನಾಗ್ಬೇಕು?"

ಕೆಟ್ಟವರೇನಲ್ಲ ಪುಣ್ಯಾತ್ಮರು. ಹುಡುಗಿಯರಿಗೆ ಕಾಫಿ ಬನ್ನು ಕೊಡಿಸುತ್ತಿದ್ದರು, ಕತ್ತಲಾದರೆ ರೂಮಿನತನಕ ಆಟೊದಲ್ಲಿ ಕಳಿಸುತ್ತಿದ್ದರು. ಕುಣಿಯುವುದಕ್ಕೂ ಮನಸ್ಸಿಗೂ ಏನಾದರೂ ಸಂಬಂಧವಿದೆಯೆಂಬ ಸುದ್ದಿ ಅವರನ್ನು ಮುಟ್ಟಿರಲಿಲ್ಲ, ಅಷ್ಟೇ.

ಕಂಪನಿ ಬೆಳೆಯಿತು. ಕುಂದಲಹಳ್ಳಿಯ ಅಪಾರ್ಟ್‌ಮೆಂಟಿನ ಗಣೇಶೋತ್ಸವ, ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳ ಆನ್ಯುಯಲ್ ಡೇ, ಮಾಲಿನ ಉದ್ಘಾಟನೆ, ಎಲ್ಲ ಕಡೆಗೂ ಸಿಯೋಲ್ ಸ್ಟಾರೇ ಬೇಕು. ಮಲಕವ್ವನಿಗೆ ಕೆಂಪು ವಿಗ್ಗು ಹಾಕಿ 'ಮೀರಾ ಕಿಮ್' ಎಂದು ಹೆಸರಿಟ್ಟರು. ಲಕ್ಷ್ಮಯ್ಯನವರ ಮನೆಯ ಎಮ್ಮೆಗೆ ಹುಟ್ಟಿದಂದಿನಿಂದ ಒಂದೇ ಹೆಸರು. ಹುಡುಗಿಯರಿಗೆ ಮಾತ್ರ ಕಾರ್ಯಕ್ರಮಕ್ಕೊಂದು. ದಾನೇಶ್ವರಿಯೋ ಪ್ರತಿ ಸಲ ಓಡಿಬಂದು, ತಿರುಗಿ, ನಿಂತು, ಚಪ್ಪಾಳೆಯೊಳಗೆ ಹಲ್ಲು ಕಚ್ಚಿಕೊಳ್ಳುವಳು. ಭಾನುವಾರ ಬೆಳಿಗ್ಗೆ ಬಾಡಿಗೆ ಮನೆಯ ತಾರಸಿ ಮೇಲೆ, ಒಣಹಾಕಿದ ಬಟ್ಟೆಗಳ ನಡುವೆ, ಎಲ್ಲರ ತುಂಡುಗಳನ್ನೂ ಜೋಡಿಸಿ ಒಬ್ಬಳೇ ಕುಣಿಯುವಳು. ಇಡೀ ಅಂಗಿ ನೋಡಿ ಪಳಗಿದ ಕಣ್ಣಲ್ಲವೇ, ಯಾವ ಜೋಡಣೆಯೂ ತಪ್ಪುತ್ತಿರಲಿಲ್ಲ. ಆದರೆ ತಾರಸಿ ಸ್ಟೇಜಲ್ಲ, ನೋಡಲು ಜನರೂ ಇರಲಿಲ್ಲ.

ಹಾಗಿರುವಾಗ ವೈಟ್‌ಫೀಲ್ಡಿನ ಕೊರಿಯಾ ಕಂಪನಿಯೊಂದರ ವಾರ್ಷಿಕೋತ್ಸವಕ್ಕೆ ಕರೆ ಬಂತು. ಲಕ್ಷ್ಮಯ್ಯನವರು ಹೊಸ ಸಫಾರಿ ಹೊಲಿಸಿದರು. ಕಾರ್ಯಕ್ರಮ ಸಕ್ಕತ್ತಾಗಿ ನಡೆಯಿತು. ದಾನೇಶ್ವರಿ ಎಂದಿನಂತೆ ಕೊನೆಗೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಮುಂದಿನ ಸಾಲಿನಲ್ಲಿ ಕೊರಿಯಾದಲ್ಲೇ ಕುಣಿತ ಕಲಿಸುವ ವಯಸ್ಸಾದ ಹೆಂಗಸೊಬ್ಬರು ಅತಿಥಿಯಾಗಿ ಕೂತಿದ್ದರು. ಅವರು ಎದ್ದು ಬಂದು ಏನೋ ಕೇಳಿದರು. ಕಂಪನಿಯ ಎಚ್.ಆರ್. ಪದ್ಮಾವತಿ ಅದನ್ನು ಕನ್ನಡಕ್ಕೆ ತಂದರು.

"ಸಾರ್, ಇವ್ರಿಗೆ ತುಂಬಾ ಇಷ್ಟ ಆಯ್ತಂತೆ. ಇದೇ ಹಾಡನ್ನ ಒಬ್ಬ ಹುಡುಗಿ ಪೂರ್ತಿ ಮಾಡಿ ತೋರಿಸ್ಬೇಕಂತೆ. ಯಾರಾದ್ರೂ ಸರಿ."

ಲಕ್ಷ್ಮಯ್ಯನವರ ಸಫಾರಿ ಅಲ್ಲೇ ಬೆವರಿಗೆ ಒದ್ದೆಯಾಯಿತು. "ಒಬ್ಳೇನಾ ಮೇಡಂ? ನಮ್ದು ಟೀಮ್ ವರ್ಕು..."

"ಯಾರಾದ್ರೂ ಸರಿ ಅಂತಿದಾರೆ ಸಾರ್."

ಅವರು ಹುಡುಗಿಯರ ಕಡೆ ತಿರುಗಿದರು. ಮೀರಾ ಕಿಮ್ ವಿಗ್ಗು ಸರಿಮಾಡಿಕೊಂಡು ನೆಲ ನೋಡಿದಳು. ಭಾಗ್ಯಶ್ರೀ ಅವಳ ಹಿಂದೆ ಸರಿದಳು. ಎರಡು ವರ್ಷದಿಂದ ಕುಣಿತ ಮಾರುತ್ತಿದ್ದ ಅಂಗಡಿಯಲ್ಲಿ ಒಂದು ಇಡೀ ಕುಣಿತ ಸ್ಟಾಕ್ ಇರಲಿಲ್ಲ!

"ನಾ ಮಾಡ್ತೀನ್ರಿ" ಎಂದಳು ದಾನೇಶ್ವರಿ.

"ನಿಂದು ಲಾಸ್ಟ್ ಪೀಸಲ್ವೇನಮ್ಮಾ" ಎಂದು ಲಕ್ಷ್ಮಯ್ಯನವರು ಪಿಸುಗುಟ್ಟುವುದರೊಳಗೆ ಅವಳು ಸ್ಟೇಜಿನ ನಡುವೆ ನಿಂತಾಗಿತ್ತು.

ಕುಣಿದಳು. ಮೊದಲ ತಿರುವಿನಲ್ಲಿ ಕಾಲು ಸ್ವಲ್ಪ ಜಾರಿತು, ಆಮೇಲೆ ಜಾರಲಿಲ್ಲ. ಮಲಕವ್ವನ ತುಂಡು, ಭಾಗ್ಯಶ್ರೀಯ ತುಂಡು, ಎಲ್ಲವೂ ಒಂದೇ ಮೈಯಲ್ಲಿ ಹರಿದುಬಂದು ಮೊದಲ ಸಲ ಅದು ಹಾಡಾಯಿತು. ಎಲ್ಲೋ ನಡುವೆ ಅವಳು ನಗತೊಡಗಿದಳು. ಯಾರೂ ನಗು ಎಂದು ಹೇಳಿಕೊಟ್ಟಿರಲಿಲ್ಲ. ಮುಗಿದಾಗ ಆ ಅಜ್ಜಿ ಬಂದು ಅವಳ ಎರಡೂ ಕೈ ಹಿಡಿದುಕೊಂಡರು. ದಾನೇಶ್ವರಿಗೆ ಅವರ ಮಾತು ಒಂದೂ ತಿಳಿಯಲಿಲ್ಲ, ಆದರೆ ಹುಟ್ಟಿದಾಗಿನಿಂದ ಅಷ್ಟು ಸಂತೋಷ ಆಗಿರಲಿಲ್ಲ.

ವಾಪಸ್ ಬರುವಾಗ ಟೆಂಪೊದಲ್ಲಿ ಲಕ್ಷ್ಮಯ್ಯನವರು ದಾರಿಯುದ್ದಕ್ಕೂ ಯೋಚಿಸಿದರು. ಗೊರಗುಂಟೆಪಾಳ್ಯದ ಹತ್ತಿರ ಒಂದು ತೀರ್ಮಾನಕ್ಕೆ ಬಂದರು. ಗಾರ್ಮೆಂಟ್ಸಿನಲ್ಲಿ ಎಲ್ಲ ಕೆಲಸ ಬಲ್ಲವಳನ್ನು ಏನು ಮಾಡುತ್ತಾರೆ? ಮಿಷಿನ್ನಿನಿಂದ ಎಬ್ಬಿಸಿ ಸೂಪರ್‌ವೈಸರ್ ಮಾಡುತ್ತಾರೆ. ಮರುದಿನವೇ ಶೆಡ್ಡಿನಲ್ಲಿ ದಾನೇಶ್ವರಿಗೆ ಸೇವಂತಿಗೆ ಹಾರ ಹಾಕಿ, ಮೈಸೂರುಪಾಕು ಹಂಚಿ, ತಮ್ಮ ಕೊರಳಿನ ಸೀಟಿ ತೆಗೆದು ಅವಳ ಕೊರಳಿಗೆ ಹಾಕಿದರು.

"ಇವತ್ತಿಂದ ನೀನೇ ಇನ್‌ಚಾರ್ಜು."

"ಮತ್ತ ಕುಣಿಯೂದು?"

"ಇನ್‌ಚಾರ್ಜ್ ಕುಣುದ್ರೆ ಲೈನ್ ಯಾರಮ್ಮಾ ನೋಡ್ಕೊಳೋದು?"

ಹುಡುಗಿಯರು ಚಪ್ಪಾಳೆ ತಟ್ಟಿದರು. ದಾನೇಶ್ವರಿಗೆ ಕಣ್ಣೀರು ಬಂತು. ಖುಷಿಗೆ ಅಳುತ್ತಿದ್ದಾಳೆಂದು ಎಲ್ಲರಿಗೂ ಇನ್ನಷ್ಟು ಖುಷಿಯಾಯಿತು.

ಎರಡು ದಿನ ಸಂಕಟಪಟ್ಟು, ಮೂರನೆಯ ದಿನ ಅವಳಿಗೊಂದು ಉಪಾಯ ಹೊಳೆಯಿತು. ಹೇಗೂ ಇನ್‌ಚಾರ್ಜು ತಾನೇ. ಲೈನು ಮುರಿದುಬಿಟ್ಟರೆ? ಎಲ್ಲರಿಗೂ ಇಡೀ ಹಾಡು ಕಲಿಸಿದರೆ? ಎಲ್ಲರೂ ಎಲ್ಲ ಕುಣಿಯುವಾಗ ತಾನೂ ಅವರಲ್ಲೊಬ್ಬಳಾಗಿ ನುಸುಳಬಹುದು. ಲಕ್ಷ್ಮಯ್ಯನವರು ಇಲ್ಲದ ಸಂಜೆ ನೋಡಿ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿದಳು.

"ಇವತ್ತಿಂದ ಎಲ್ಲಾರೂ ಪೂರ್ತಿ ಹಾಡು ಕಲೀಬೇಕ ನೋಡ್ರಿ."

ಮಲಕವ್ವ ಕೆಂಪು ವಿಗ್ಗನ್ನು ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು.

"ಏ ದಾನವ್ವ, ಮುಂಜಾನಿಂದ ಮಿಷಿನ್ ತುಳದು ಕಾಲು ಬಾತಾವ. ನನ್ನ ತುಂಡು ಮಾಡಿ, ಮನೀಗ ಹೋಗಿ, ರೊಟ್ಟಿ ಬಡದು ಮಲಗ್ತೀನಿ. ಪೂರ್ತಿ ಹಾಡು ತಗೊಂಡು ನಾ ಏನ ಮಾಡ್ಲಿ?"

"ನಿನಗ ಆಸೆ ಇಲ್ಲೇನ?"

"ಅದು ನಿನ್ನ ಆಸೆ ಬೇ. ಅದನ್ನ ನಮ್ಮ ಕಾಲಿಗ್ಯಾಕ ಕಟ್ತಿ?"

ದಾನೇಶ್ವರಿಗೆ ಸಿಟ್ಟು ನೆತ್ತಿಗೇರಿತು. ಬಯ್ಯಬೇಕೆಂದು ಬಾಯಿ ತೆರೆದಳು. ಮಲಕವ್ವನ ಪಾದ ಕಣ್ಣಿಗೆ ಬಿತ್ತು, ನಿಜವಾಗಿಯೂ ಬಾತಿತ್ತು. ಭಾಗ್ಯಶ್ರೀ ಗೋಡೆಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದಳು. "ಆತು, ನಿಮ್ಮ ನಿಮ್ಮ ತುಂಡು ಮಾಡ್ರಿ" ಎಂದು ಸೀಟಿ ಊದಿದಳು. ಎರಡೇ ಸಂಜೆಯಲ್ಲಿ ಹೊಸ ಹಾಡು ತಯಾರಾಯಿತು.

ಆ ವರ್ಷ ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟೊಂದರ ರಾಜ್ಯೋತ್ಸವಕ್ಕೆ ಸಿಯೋಲ್ ಸ್ಟಾರಿನದೇ ಮುಖ್ಯ ಐಟಮ್. ನಾಡಗೀತೆ ಆದ ಕೂಡಲೇ ಕೊರಿಯಾ ಹಾಡು. ಯಾರಿಗೂ ವಿಚಿತ್ರ ಅನಿಸಲಿಲ್ಲ. ಲಕ್ಷ್ಮಯ್ಯನವರು ಮುಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ತಮ್ಮ ಕಥೆ ಹೇಳುತ್ತಿದ್ದರು. ದಾನೇಶ್ವರಿ ಪರದೆಯ ಮರೆಯಲ್ಲಿ ನಿಂತು ಜೋಡಿ ಜೋಡಿಯಾಗಿ ಹುಡುಗಿಯರನ್ನು ಒಳಗೆ ಬಿಡುತ್ತಿದ್ದಳು. ಪುಟ್ಟ ಮಗಳ ಕೈ ಹಿಡಿದ ಫ್ಲಾಟಿನ ಹೆಂಗಸೊಬ್ಬಳು ಹತ್ತಿರ ಬಂದಳು.

"ಎಷ್ಟ್ ಚೆನ್ನಾಗ್ ಮಾಡ್ತಾರಲ್ವಾ! ಇವ್ಳಿಗೂ ಕಲೀಬೇಕಂತೆ. ನೀವೂ ಡ್ಯಾನ್ಸರ್ರಾ?"

ಒಳಗೆ ಹಾಡು ಕೊನೆಯ ತುಂಡಿಗೆ ಬಂದಿತ್ತು. ದಾನೇಶ್ವರಿ ತನ್ನ ಜಾಗಕ್ಕೆ ಬಂದಿದ್ದ ಹೊಸ ಹುಡುಗಿಯ ಬೆನ್ನು ತಟ್ಟಿ ಸ್ಟೇಜಿಗೆ ದೂಡಿದಳು.

"ಇಲ್ರಿ ಮೇಡಂ, ನಾ ಇನ್‌ಚಾರ್ಜು" ಎಂದಳು.

"ಓ, ಸೂಪರ್! ಒಳ್ಳೇ ಗ್ರೋತ್ ನಿಮ್ದು" ಎಂದಳು ಆ ಹೆಂಗಸು.