ಅಕ್ಕ ಕಟ್ಟಿದ್ದ ಕೈ

ಬೀದಿಗೆಲ್ಲ ಅವಳು ರಫು ಅಮ್ಮ. ಹರಿದ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ತೆಗೆದು, ತೂತಿನಲ್ಲಿ ಅದನ್ನೇ ನೇಯ್ದು ಮುಚ್ಚುವುದು ಅವಳ ಕಸುಬು. ತೂತು ಎಲ್ಲಿತ್ತೆಂದು ಬಟ್ಟೆಯವರಿಗೇ ಗೊತ್ತಾಗಬಾರದು, ಹಾಗೆ. ಅಂಥವಳು ಅರವತ್ತಮೂರನೆಯ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಗ್ರಹಚಾರ ಅಂದರೆ ಇದೇ ನೋಡಿ!

ಅದೇ ವಾರ ಬೀದಿಯ ಟೀಚರಮ್ಮ ತಮ್ಮ ತೀರಿಹೋದ ಗಂಡನ ಕೋಟು ತಂದರು. ಎದೆಯ ಮೇಲೆ ಹುಳು ತಿಂದ ತೂತು. ಭಾನುವಾರ ಮಗನ ಮದುವೆ. ಅಪ್ಪನ ಕೋಟನ್ನೇ ಹಾಕಿಕೊಳ್ಳುತ್ತೇನೆಂದು ಅವನು ಹಟ ಹಿಡಿದಿದ್ದ.

"ಬೇರೆಯವರ ಹತ್ರ ಕೊಡಿ. ನನ್ನ ಕಥೆ ಮುಗೀತು," ಎಂದಳು ರಫು ಅಮ್ಮ, ಪಟ್ಟಿ ಕಟ್ಟಿದ ಕೈ ತೋರಿಸಿ.

"ಬೇರೆಯವರು ತೇಪೆ ಹಾಕ್ತಾರಮ್ಮ. ಶನಿವಾರ ಬರ್ತೀನಿ," ಎಂದು ಅವರು ಕೋಟು ಇಟ್ಟೇ ಹೋದರು.

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಈ ಕೆಲಸ ಬಿಟ್ಟರೆ ತಾನು ಯಾರು ಎಂಬುದು ಹೊಳೆಯಲೇ ಇಲ್ಲ. ಮೂರನೆಯ ಬೆಳಿಗ್ಗೆ ತಡೆಯಲಾರದೆ, ಬಟ್ಟೆ ಅಲುಗದಂತೆ ಕೋಟಿನ ಮೇಲೆ ಇಸ್ತ್ರಿಪೆಟ್ಟಿಗೆಯ ಭಾರ ಹೇರಿ, ಎಡಗೈಯಲ್ಲಿ ಸೂಜಿ ಹಿಡಿದಳು. ಎರಡು ಸಲ ಸೊಟ್ಟಗಾಯಿತು, ಬಿಚ್ಚಿದಳು. ಮೂರನೆಯ ಸಲ, ಅಯ್ಯೋ, ಕೈ ತಾನಾಗಿ ಓಡಿತು! ಬಲಗೈ ವರ್ಷಗಟ್ಟಲೆ ಗುದ್ದಾಡಿ ಕಲಿತದ್ದು ಎಡಗೈಗೆ ನೀರು ಕುಡಿದಷ್ಟು ಸಲೀಸು.

"ಅಕ್ಕಾ, ನೋಡೇ! ನಾನು ಎಡಚಿ ಕಣೇ!"

ತರಕಾರಿ ಹೆಚ್ಚುತ್ತಿದ್ದ ಅಕ್ಕನ ಚಾಕು ನಿಂತಿತು. ತಾಯಿಯಿಲ್ಲದ ತಂಗಿಯನ್ನು ಸಾಕಿದವಳು ಅವಳೇ.

"ಗೊತ್ತು. ನೀನು ಐದು ವರ್ಷದವಳಿದ್ದಾಗ ನಾನೇ ಆ ಕೈಯನ್ನ ಸೊಂಟಕ್ಕೆ ಕಟ್ಟಿದ್ದೆ. ಒಂದು ವರ್ಷ. ಅತ್ರೂ ಬಿಚ್ಚಲಿಲ್ಲ."

"ನಂಗೆ ನೆನಪೇ ಇಲ್ವಲ್ಲೇ."

"ನಂಗಿದೆ. ಎಡಚಿ ಅಂತ ಜನ ಆಡ್ಕೋತಾರೆ ಅನ್ನೋ ಭಯ. ನಾನೂ ಆಗ ಹನ್ನೆರಡು ವರ್ಷದವಳು, ಎಷ್ಟು ಬುದ್ಧಿ ಇರುತ್ತೆ ಹೇಳು."

ರಫು ಅಮ್ಮನಿಗೆ ಸಿಟ್ಟು ನೆತ್ತಿಗೇರಿತು. ಐವತ್ತೆಂಟು ವರ್ಷ! ಸೂಜಿಯನ್ನು ಕೋಟಿಗೆ ಚುಚ್ಚಿದಳು. ಇಸ್ತ್ರಿಪೆಟ್ಟಿಗೆ ಜಾರಿ ಬಟ್ಟೆ ಸಡಿಲವಾಯಿತು. ಮತ್ತೆ ಹೇರಿದಳು, ಮತ್ತೆ ಜಾರಿತು. ಕಣ್ಣಲ್ಲಿ ನೀರು ಬಂತು.

ಅಕ್ಕ ಎದ್ದು ಕೈ ತೊಳೆದು ಒರೆಸಿಕೊಂಡು ಬಂದಳು. ಎದುರು ಕೂತು ಕೋಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಳು.

"ಮೂಗಿನ ಮೇಲಿನ ಸಿಟ್ಟು ಆಮೇಲೆ ತೋರಿಸು. ಈಗ ಎಳೆ ಎತ್ತು."

ಶನಿವಾರದವರೆಗೂ ಅಕ್ಕ ಹಾಗೆಯೇ ಹಿಡಿದು ಕೂತಳು. ಸಿಟ್ಟು ಯಾವಾಗ ಇಳಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಟೀಚರಮ್ಮ ಕೋಟಿನ ಎದೆಯ ಮೇಲೆ ಬೆರಳಾಡಿಸಿ ತೂತು ಹುಡುಕಿದರು, ಸಿಗಲಿಲ್ಲ. ಪಟ್ಟಿ ಕಟ್ಟಿದ ಕೈ ನೋಡಿ ಕೇಳಿದರು, "ಯಾರ ಕೈಲಿ ಮಾಡಿಸಿದ್ರಿ?"

ರಫು ಅಮ್ಮ ಒಳಗಿದ್ದ ಅಕ್ಕನಿಗೂ ಕೇಳುವಂತೆ ಹೇಳಿದಳು, "ನಂದೇ ಕೈಲಿ."