ಬೋಟಿನಿಂದ ಇಳಿಯುವವರು ಯಾರು

ಈ ಬರಹದಲ್ಲಿ ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ತಿದ್ದಿಕೊಡುವವರು ಇಲ್ಲ.

ಮೀನುಗಾರಿಕೆಯ ಅರ್ಥಶಾಸ್ತ್ರ ಓದಲು ನಾರ್ವೆಯ ಈ ಸಣ್ಣ ಬಂದರಿಗೆ ಬಂದ ಹೊಸತು. ಆರ್ನೆ ಎಂಬ ಹಿರಿಯ ಮೀನುಗಾರರು ಬೋಟು ಕಟ್ಟುವ ಧಕ್ಕೆಯಲ್ಲಿ ಬಲೆಯಿಂದ ಮೀನು ಬಿಡಿಸುತ್ತಿದ್ದರು. ಕೇಳದೆಯೇ ಹೋಗಿ ಕೈಜೋಡಿಸಿದೆ. ಕೆಲಸ ಮುಗಿದ ಮೇಲೆ ಚೀಲ ಬಿಚ್ಚಿಕೊಂಡು ನಿಂತೆ. ಕುಮಟಾ ಹತ್ತಿರದ ನಮ್ಮೂರು ಬಾಡದಲ್ಲಿ ಬಲೆಗೆ ಕೈ ಹಾಕಿದವರಿಗೆಲ್ಲ ಸಾರಿಗಾಗುವಷ್ಟು ಮೀನು ಕೊಡುವುದು ರೂಢಿ. ಆರ್ನೆ ಚೀಲವನ್ನೂ ನನ್ನನ್ನೂ ನೋಡಿ, “ಮೊದಲು ತೂಕವಾಗಬೇಕು. ಇದು ಕ್ವೂಟೆಯ ಮೀನು” ಎಂದರು. ಕ್ವೂಟೆ ಎಂದರೆ ಒಂದು ಬೋಟು ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂದು ಸರಕಾರ ಗೊತ್ತುಪಡಿಸಿದ ಪಾಲು. ಚೀಲ ಮಡಚಿಕೊಂಡು ಕೋಣೆಗೆ ಬಂದೆ. ಅದನ್ನು ಹೇಳಿಕೊಂಡು ನಗಲು ಯಾರೂ ಇರಲಿಲ್ಲ.

ನಮ್ಮ ಕಡೆಯ ತದಡಿ ಬಂದರಿನಲ್ಲಿ ಬೋಟಿನಿಂದ ಬೋಟಿಗೆ ಕಾಲಿಡುತ್ತಲೇ ಧಕ್ಕೆಯ ಉದ್ದ ದಾಟಬಹುದು. ಇಲ್ಲಿ ಧಕ್ಕೆಯ ತುಂಬ ಬರೀ ಗಾಳಿ. ಹಿಂದೆ ಇಲ್ಲಿಯೂ ಬೋಟು ಹೆಚ್ಚಾಗಿ ಮೀನು ಸಾಲದಾಗಿತ್ತಂತೆ. ಆರ್ನೆ ಮತ್ತು ಅವರ ತಮ್ಮ ಇಬ್ಬರ ಪಾಲನ್ನೂ ಒಂದೇ ಬೋಟಿಗೆ ಸೇರಿಸಿ, ಇನ್ನೊಂದನ್ನು ಒಡೆಸಿದರು. ಆರ್ನೆಯವರ ಬದುಕು ಸುಧಾರಿಸಿತು. ಅವರ ತಮ್ಮನಾದರೋ ಊರು ಬಿಟ್ಟರು.

ನಮ್ಮಲ್ಲಿ ಅಪ್ಪನದೊಂದು ಬೋಟು, ಚಿಕ್ಕಪ್ಪನದೊಂದು. ಎರಡೂ ಒಂದೇ ಮೀನಿನ ಹಿಂದೆ ಡೀಸೆಲ್ ಸುಡುತ್ತಿದ್ದವು. ಒಂದನ್ನು ಬಿಟ್ಟು ಕೂಡಿ ದುಡಿಯಿರಿ ಎಂದು ಫೋನಿನಲ್ಲಿ ಹೇಳಿದೆ.

“ನಾವೊಂದ್ ಬೋಟ್ ಬಿಟ್ರೆ ಎಂತ ಆಗ್ತದೆ? ಭಟ್ಕಳದವ್ರು, ಹೊನ್ನಾವರದವ್ರು ಸುಮ್ನೆ ಕೂತ್ಕಣ್ತಾರಾ? ನಮ್ಮ ಮೀನೂ ಅವ್ರೇ ಹಿಡೀತಾರೆ” ಎಂದ ಅಪ್ಪನ ಬೋಟಿನಲ್ಲೇ ದುಡಿಯುತ್ತಿದ್ದ ಅಣ್ಣ. “ಬೋಟ್ ಒಡೆಯೂದು ಕಲೀಲಿಕ್ಕೆ ಅಷ್ಟು ದೂರ ಹೋಗ್ಬೇಕಾಗಿತ್ತಾ ತಂಗಿ?”

ಅವನ ಮಾತಿನಲ್ಲಿ ಹುರುಳಿತ್ತು. ನಮ್ಮಲ್ಲಿ ಬೋಟಿಗಿಷ್ಟೆಂದು ಪಾಲಿಲ್ಲ; ನಾವು ಬಿಟ್ಟ ಮೀನು ನಮಗೆ ಉಳಿಯುವುದಿಲ್ಲ. ಡೀಸೆಲ್ ಆದರೂ ಉಳಿಯುತ್ತದೆ ಎಂದೆ. ಅಪ್ಪ ಫೋನು ತೆಗೆದುಕೊಂಡರು.

“ಆತು. ಎರಡ್ ಬೋಟಿನ ಜನ ಒಂದ್ರಲ್ಲಿ ಹಿಡ್ಸೂದಿಲ್ಲ. ಇಳಿಯೂದು ಯಾರು, ಅದ್ ಹೇಳು.”



ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವಷ್ಟರಲ್ಲಿ ನಮ್ಮ ಬೋಟು ಗುಜರಿಗೆ ಹೋಗಿತ್ತು. ಅಪ್ಪ ಈಗ ಚಿಕ್ಕಪ್ಪನ ಬೋಟಿನಲ್ಲಿ ಹೋಗುತ್ತಾರೆ. ಅಣ್ಣ ಹೊನ್ನಾವರದ ಐಸ್ ಪ್ಲಾಂಟಿನಲ್ಲಿ ಕೆಲಸಕ್ಕಿದ್ದಾನೆ. ಮನೆ ಮೊದಲಿಗಿಂತ ಸಲೀಸಾಗಿ ನಡೆಯುತ್ತಿದೆ. ಇಲ್ಲಿ ಆರ್ನೆ ದೂರದಿಂದಲೇ ನನ್ನನ್ನು ಗುರುತಿಸಿ ಕೈಯೆತ್ತುತ್ತಾರೆ. ಅಣ್ಣ ಮಾತ್ರ ಫೋನಿಗೆ ಬರುವುದಿಲ್ಲ. ಡ್ಯೂಟಿಯಲ್ಲಿದ್ದಾನೆ ಎನ್ನುತ್ತಾರೆ ಅಪ್ಪ, ಅವನ ರಜೆಯ ದಿನವೂ.