ಬಳೇಪೇಟೆಯಲ್ಲಿ ಕೊಂಡ ಮ್ಯಾಂಡೋಲಿನ್

ಗದಿಗೆಪ್ಪ ಪೀಣ್ಯದ ಪಂಪ್ ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸದವನು. ಹುಡುಗನಾಗಿದ್ದಾಗ ಮುಂಡರಗಿಗೆ ಬಂದಿದ್ದ ನಾಟಕ ಕಂಪನಿಯವರ ಬೆನ್ನು ಹತ್ತಿ ಮ್ಯಾಂಡೋಲಿನ್ ಕಲಿತಿದ್ದ. ಬೆಂಗಳೂರಿಗೆ ಬಂದ ಮೇಲೆ ಅದನ್ನು ಮೊದಲ ಸಲ ಮುಟ್ಟಿದ್ದು 1994ರ ರಾಜ್ಯೋತ್ಸವದ ದಿನ.

ಅಂದು ಕಾರ್ಖಾನೆಯ ಕಾರ್ಯಕ್ರಮದಲ್ಲಿ ನುಡಿಸಬೇಕಿದ್ದ ಸ್ಟೋರ್ಸ್ ಆಫೀಸರ್ ನಾಣಿ ಹೊತ್ತಿಗೆ ಬರಲಿಲ್ಲ. ಅವನ ದುಬಾರಿ ಮ್ಯಾಂಡೋಲಿನ್ ಮಾತ್ರ ವೇದಿಕೆಯ ಮೇಲಿತ್ತು. ಹಾರ್ಮೋನಿಯಂ ಹಿಡಿದಿದ್ದ ಹನುಮಂತರಾಯಪ್ಪನಿಗೆ ಗದಿಗೆಪ್ಪನ ವಿದ್ಯೆ ಗೊತ್ತಿತ್ತು; “ನೀನೇ ಕೂತ್ಕೊಳಯ್ಯ, ಅವರು ಬರೋವರೆಗೆ” ಎಂದ. ಗದಿಗೆಪ್ಪ ಕೂತ. ಎರಡನೆಯ ಹಾಡಿನ ನಡುವೆ ನಾಣಿ ಬಂದವನೇ ವಾದ್ಯವನ್ನು ಕಿತ್ತುಕೊಂಡು, ಎಲ್ಲರೆದುರು ಕರ್ಚೀಫಿನಿಂದ ಒರೆಸಿದ.

“ಗ್ರೀಸ್ ಕೈಯಲ್ಲಿ ಇದನ್ನ ಮುಟ್ಟಬಾರದು ಕಣಯ್ಯ.”

ಮುಂದಿನ ಸಾಲಿನಲ್ಲಿ ಹೆಂಡತಿ ಶಿವಲಿಂಗಮ್ಮ, ಮಕ್ಕಳು ಕೂತಿದ್ದರು. ಜನ ನಕ್ಕರು. ಗದಿಗೆಪ್ಪ ಇಳಿದು ಬಂದ. ಆದರೆ ಆ ಒಂದೂವರೆ ಹಾಡಿನಲ್ಲಿ ಅವನ ಕಿವಿ ಒಂದು ಸಂಗತಿ ಹಿಡಿದಿತ್ತು: ಆ ವಾದ್ಯದಲ್ಲಿ ಕೆಳಗಿನ ಸ್ವರಗಳು ಸರಿ, ಮೇಲಕ್ಕೆ ಹೋದಂತೆಲ್ಲ ಅಪಸ್ವರ.

ವರ್ಷವಿಡೀ ಓವರ್‌ಟೈಮ್ ಮಾಡಿ ಎಂಟು ನೂರು ರೂಪಾಯಿ ಕೂಡಿಸಿಕೊಂಡು ಒಂದು ಭಾನುವಾರ ಬಳೇಪೇಟೆಗೆ ಹೋದ. ಅಂಗಡಿಯವರು ಮೊದಲು ಮುತ್ತಿನ ಚಿಪ್ಪಿನ ಹೂಬಳ್ಳಿ ಕೂರಿಸಿದ್ದನ್ನು ತೋರಿಸಿದರು. ಅದರ ಬೆಲೆ ಕೈಗೆ ಎಟುಕುವಂಥದ್ದಲ್ಲ. ಎರಡನೆಯದು ಎಟುಕಿತು, ಹೊಳಪೂ ಇತ್ತು. ಗದಿಗೆಪ್ಪ ಲೇತಿಗೆ ಹಾಕುವ ಸರಳನ್ನು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ವಾದ್ಯದ ಕತ್ತಿನ ಉದ್ದಕ್ಕೆ ನೋಡಿದ. ಕಿಸೆಯಿಂದ ಉಕ್ಕಿನ ಸ್ಕೇಲ್ ತೆಗೆದು ಇಟ್ಟ. ನಡುವೆ ಬೆಳಕು ತೂರಿ ಬಂತು.

“ಬಾಗೇತ್ರಿ ಇದು.”

“ಮ್ಯಾಂಡೋಲಿನ್‌ಗೆ ಯಾರ್ ಸಾರ್ ಸ್ಕೇಲ್ ಇಡ್ತಾರೆ?” ಅಂಗಡಿಯವರು ನಕ್ಕರು.

ಮೂಲೆಯಲ್ಲಿ ಬೆನ್ನು ಚಪ್ಪಟೆಯಾದ, ಪಾಲಿಶ್ ಮಂಕಾದ ಒಂದಿತ್ತು. ಹೊಟ್ಟೆಯ ಮೇಲೆ ಉದ್ದನೆಯ ಗೀರು. ಕತ್ತು ಮಾತ್ರ ನೆಟ್ಟಗಿತ್ತು, ಬಿರಡೆಗಳು ಜಾರುತ್ತಿರಲಿಲ್ಲ. ಬಿಡಿ ತಂತಿ ಮೀಟಿದ, ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿ ಮತ್ತೆ ಮೀಟಿದ. ಎರಡೂ ಒಂದೇ ಸ್ವರ, ಎತ್ತರ ಮಾತ್ರ ಬೇರೆ. ನಾಲ್ಕೂ ಜೋಡಿ ತಂತಿಗಳಲ್ಲಿ ಹಾಗೇ ನೋಡಿದ. ಗೀರಿನ ನೆಪ ಹೇಳಿ ಏಳು ನೂರಕ್ಕೆ ಇಳಿಸಿದ.

ಬಾಗಲಗುಂಟೆಯ ಮನೆಯಲ್ಲಿ ಆರು ತಿಂಗಳು ಅಭ್ಯಾಸ ಮಾಡಿದ. ಬೆರಳು ಒಡೆದವು. ಆಮೇಲೆ ಹನುಮಂತರಾಯಪ್ಪನಿಗೆ ಹೇಳಿದ: “ಈ ಸಲ ಎರಡು ಮ್ಯಾಂಡೋಲಿನ್ ಇಡೂಣ್ರಿ, ಸವಾಲ್ ಜವಾಬ್. ನಾ ನುಡಿಸಿದ್ದನ್ನ ಸಾಹೇಬ್ರು ನುಡಿಸ್ಲಿ.” ನಾಣಿಗೆ ಅದರಲ್ಲಿ ತನ್ನ ಮೆರೆದಾಟವೇ ಕಂಡಿತು, ಒಪ್ಪಿಕೊಂಡ. ತಾಲೀಮಿನಲ್ಲೆಲ್ಲ ಗದಿಗೆಪ್ಪ ಕೆಳಗಿನ ಸ್ವರಗಳನ್ನೇ ನುಡಿಸಿದ.

ರಾಜ್ಯೋತ್ಸವದಂದು ಮ್ಯಾನೇಜರರ ಸಂಸಾರವೂ ಬಂದಿತ್ತು. ಮೊದಲೆರಡು ಸುತ್ತು ಸರಿಹೋಯಿತು. ಮೂರನೆಯದಕ್ಕೆ ಗದಿಗೆಪ್ಪ ಮೇಲಿನ ಸ್ವರಗಳಿಗೆ ಹತ್ತಿದ, ಅಲ್ಲೇ ನಿಂತು ನುಡಿಸಿ ನಾಣಿಯತ್ತ ನೋಡಿದ. ನಾಣಿಯೂ ಹತ್ತಲೇಬೇಕಾಯಿತು. ಸ್ವರ ಕೀರಲಾಗಿ ಒಡೆಯಿತು. ಯಾರೋ ಕಿಸಕ್ಕೆಂದರು. ಗದಿಗೆಪ್ಪ ಬಿಡಲಿಲ್ಲ, ಇನ್ನೂ ಮೇಲಕ್ಕೆ ಹೋದ. ಐದನೆಯ ಸುತ್ತಿಗೆ ಹಿಂದಿನ ಸಾಲುಗಳೆಲ್ಲ ನಗುತ್ತಿದ್ದವು, ನಾಣಿಯ ಕುತ್ತಿಗೆ ಕೆಂಪಾಗಿತ್ತು.

ವಾರ ಕಳೆದು ನಾಣಿ ಲೇತಿನ ಹತ್ತಿರ ಬಂದ. “ಗದಿಗೆಪ್ಪ, ನನ್ನ ಮ್ಯಾಂಡೋಲಿನ್‌ನಲ್ಲೇ ಏನೋ ತೊಂದರೆ ಇದೆ ಅನ್ಸತ್ತೆ. ನೋಡ್ತೀಯಾ?”

ತಂತಿಗಳನ್ನು ಹೊತ್ತ ಮರದ ತುಂಡು, ಕುದುರೆಯನ್ನು, ಅಕ್ಕಿಕಾಳಿನ ಅಗಲದಷ್ಟು ಹಿಂದೆ ಸರಿಸಿದರೆ ಮೇಲಿನ ಸ್ವರಗಳು ಸರಿಹೋಗುತ್ತಿದ್ದವು. ಗದಿಗೆಪ್ಪ ವಾದ್ಯ ತಿರುಗಿಸಿ ನೋಡಿ ಮರಳಿ ಕೊಟ್ಟ.

“ವಾದ್ಯ ಭಾಳ ಚಲೋ ಐತ್ರಿ ಸಾಹೇಬ್ರ. ಅಭ್ಯಾಸ ಸಾಲದು, ಅಷ್ಟೇ.”

ನಾಣಿ ಚಳಿಗಾಲವಿಡೀ ಅಭ್ಯಾಸ ಮಾಡಿದನಂತೆ. ಸಂಗತಿ ತಿಳಿದ ಶಿವಲಿಂಗಮ್ಮ, “ಹೇಳಿಬಿಡ್ರಿ ಪಾಪ, ಸಾಕಿನ್ನ” ಎಂದಳು. ಗದಿಗೆಪ್ಪ ಹೇಳಲಿಲ್ಲ. ಯುಗಾದಿಯ ಹೊತ್ತಿಗೆ ನಾಣಿ ಬೇಸತ್ತು, ಮ್ಯಾಂಡೋಲಿನನ್ನು ಯಾರೋ ನೆಂಟರಿಗೆ ಕೊಟ್ಟುಬಿಟ್ಟನೆಂದು ಸುದ್ದಿ ಬಂತು. ಅಂದು ಸಂಜೆ ಗದಿಗೆಪ್ಪ ಅರ್ಧ ಕಿಲೊ ಜಹಾಂಗೀರ್ ಕಟ್ಟಿಸಿಕೊಂಡು ಮನೆಗೆ ಹೋದ.